ಹಾಸನದ ಪಾರ್ಕುಗಳು: ಕಾರಂಜಿಗೆ ಮುಂಚೆ ಗಡಿಕಲ್ಲು ನೆಡಿ

ಹಾಸನ ಮಹಾನಗರ ಪಾಲಿಕೆಯ ಆಯುಕ್ತರಿಗೆ,
ಹಾಸನ ನಗರಾಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರು ಮತ್ತು ಆಯುಕ್ತರಿಗೆ,
ಹಾಗೂ ಊರಿನ ಸಮಸ್ತ ನಾಗರಿಕರಿಗೆ,

ಮಾನ್ಯರೇ,

ನಗರಸಭೆಯಾಗಿದ್ದ ಹಾಸನ ಈಗ ಮಹಾನಗರ ಪಾಲಿಕೆ. ಸುತ್ತಲ ಹಳ್ಳಿಗಳು ಊರಿನ ಗಡಿಯೊಳಗೆ ಬಂದಿವೆ. ಸಾಲಗಾಮೆ ರಸ್ತೆ, ಬೇಲೂರು ರಸ್ತೆ, ಅರಸೀಕೆರೆ ರಸ್ತೆ, ಯಾವ ಕಡೆ ಹೊರಟರೂ ಹೊಲಗಳ ನಡುವೆ ಬಡಾವಣೆಯ ಕಲ್ಲುಗಳು ಕಾಣುತ್ತವೆ. ಊರು ಹೀಗೆ ಹಿಗ್ಗುವ ಹೊತ್ತಿನಲ್ಲಿ ಪಾರ್ಕಿನ ಮಾತು ಬಂದರೆ ಸಾಮಾನ್ಯವಾಗಿ ಮೇಜಿನ ಮೇಲೆ ಬರುವುದು ಕಾರಂಜಿ, ಕಮಾನು, ಓಪನ್ ಜಿಮ್, ಬಣ್ಣದ ದೀಪ. ನಮ್ಮ ಬಿನ್ನಹ ಬೇರೆ. ಮುಂದಿನ ಎರಡು ವರ್ಷ ಪಾರ್ಕಿಗೆಂದು ತೆಗೆದಿಡುವ ಹಣ ಮತ್ತು ಗಮನ ಮೊದಲು ಜಮೀನು ಉಳಿಸಿಕೊಳ್ಳುವುದಕ್ಕೆ ಹೋಗಲಿ, ನಂತರ ನಿರ್ವಹಣೆಗೆ. ಕಟ್ಟುವ ಕೆಲಸ ಕೊನೆಗಿರಲಿ. ಕಾರಂಜಿಯನ್ನು ಹತ್ತು ವರ್ಷ ಬಿಟ್ಟೂ ಕೂರಿಸಬಹುದು. ಸೈಟಾಗಿ ಹೋದ ಜಾಗ ವಾಪಸು ಬರುವುದಿಲ್ಲ.

ಎಷ್ಟು ಜಾಗ ಬೇಕು ಎಂಬುದಕ್ಕೆ ಲೆಕ್ಕವಿದೆ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2014ರಲ್ಲಿ ಹೊರತಂದ ನಗರ ಯೋಜನಾ ಮಾರ್ಗಸೂಚಿಯ ಪ್ರಕಾರ 5,000 ಜನರಿಗೆ ಅರ್ಧ ಹೆಕ್ಟೇರಿನ ಒಂದು ಪಾರ್ಕು, 15,000 ಜನರಿಗೆ ಒಂದು ಹೆಕ್ಟೇರಿನದು, ಒಂದು ಲಕ್ಷ ಜನರಿಗೆ ಐದು ಹೆಕ್ಟೇರಿನದು ಇರಬೇಕು. ನಮ್ಮ ಅಳತೆಯಲ್ಲಿ ಅರ್ಧ ಹೆಕ್ಟೇರ್ ಎಂದರೆ 1 ಎಕರೆ 9 ಗುಂಟೆ, ಐದು ಹೆಕ್ಟೇರ್ ಎಂದರೆ 12 ಎಕರೆ 14 ಗುಂಟೆ. 2011ರ ಜನಗಣತಿಯ ಹೊತ್ತಿಗೆ ಊರು ಮತ್ತು ಅದಕ್ಕೆ ಅಂಟಿಕೊಂಡ ಭಾಗ ಸೇರಿ ಒಂದೂವರೆ ಲಕ್ಷದ ಆಸುಪಾಸು ಜನರಿದ್ದರು. ಆ ಹಳೆಯ ಸಂಖ್ಯೆಗೇ ಸಣ್ಣ ಪಾರ್ಕು ಮೂವತ್ತು, ಮಧ್ಯಮದ್ದು ಹತ್ತು, ದೊಡ್ಡದು ಒಂದೋ ಎರಡೋ ಬೇಕಾಗುತ್ತದೆ. ಒಟ್ಟು ಸುಮಾರು 80 ಎಕರೆ. ಆಟದ ಮೈದಾನ ಇದರಲ್ಲಿ ಸೇರಿಲ್ಲ. ಎಲ್ಲ ಬಗೆಯ ಬಯಲೂ ಸೇರಿ ತಲೆಗೆ 10ರಿಂದ 12 ಚದರ ಮೀಟರ್ ಇರಲಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಹಾಗೆ ಹಿಡಿದರೆ 370 ಎಕರೆ ದಾಟುತ್ತದೆ. ಇಷ್ಟನ್ನು ಮಾರುಕಟ್ಟೆ ದರದಲ್ಲಿ ಕೊಳ್ಳುವ ಶಕ್ತಿ ಯಾವ ಪಾಲಿಕೆಗೂ ಇಲ್ಲ. ಕೊಳ್ಳಬೇಕಾಗಿಯೂ ಇಲ್ಲ, ಏಕೆಂದರೆ ಬಹುಪಾಲು ಜಾಗ ಈಗಾಗಲೇ ಸಾರ್ವಜನಿಕರದ್ದೇ.

ಹೊಸದಾಗಿ ಸೇರಿದ ಒಂದೊಂದು ಹಳ್ಳಿಯ ನಕ್ಷೆ ಬಿಡಿಸಿ ನೋಡಿ. ಗುಂಡುತೋಪು, ಗೋಮಾಳ, ಕೆರೆ, ಕಟ್ಟೆ, ಹಳ್ಳ, ಬಂಡಿದಾರಿ ಎಲ್ಲವೂ ಅದರಲ್ಲಿವೆ. ಗುಂಡುತೋಪು ಎಂದರೆ ಹಿಂದಿನವರು ದಾರಿಹೋಕರ ಮತ್ತು ದನಕರುಗಳ ನೆರಳಿಗೆಂದು ಬಿಟ್ಟ ಮಾವು, ಹುಣಸೆ, ನೇರಳೆ, ಹಿಪ್ಪೆಯ ತೋಪು. ಪಾರ್ಕಿಗೆ ಬೇಕಾದ ದೊಡ್ಡ ಮರಗಳು ಅಲ್ಲಿ ಬೆಳೆದು ನಿಂತಿರುವ ಸಾಧ್ಯತೆ ಹೆಚ್ಚು. ಸಾಗುವಳಿಗೆ ಬಾರದ್ದೆಂದು ದಾಖಲೆಯಲ್ಲಿ ಬಿಟ್ಟ ಜಮೀನು ಖರಾಬು. ಅದರಲ್ಲಿ ಸಾರ್ವಜನಿಕ ಉಪಯೋಗದ ಬಿ-ಖರಾಬು ಮಾರುವಂತಹ ಜಮೀನಲ್ಲ, ಸರ್ಕಾರದ್ದು. ಹಳ್ಳಿಗಳ ಇಂತಹ ಸಮುದಾಯದ ಜಾಗಗಳ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಅಪಾಯ ಇರುವುದು ಪಂಚಾಯಿತಿಯಿಂದ ಪಾಲಿಕೆಗೆ ದಾಖಲೆ ದಾಟುವ ಈ ಸಂದಿಯಲ್ಲಿ. ಹಳೆಯ ಕಚೇರಿಯವರು ನಮ್ಮದಲ್ಲ ಎನ್ನುತ್ತಾರೆ, ಹೊಸ ಕಚೇರಿಗೆ ಕಡತ ಬಂದಿರುವುದಿಲ್ಲ, ಅಷ್ಟರಲ್ಲಿ ಅಂಚಿನಿಂದ ಒಂದೊಂದೇ ಗುಂಟೆ ಕರಗುತ್ತದೆ.

ಆದ್ದರಿಂದ ಮೊದಲ ಕೆಲಸ ಅಳತೆ. ಕಂದಾಯ ಇಲಾಖೆಯಿಂದ ಪ್ರತಿ ಹಳ್ಳಿಯ ಗ್ರಾಮ ನಕ್ಷೆ, ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಖರಾಬಿನ ಮೂಲ ದಾಖಲೆ), ಟಿಪ್ಪಣಿ (ಸರ್ವೆಯರ್ ಬರೆದ ಅಳತೆಯ ನಕ್ಷೆ), ಪಹಣಿ ನಾಲ್ಕನ್ನೂ ತರಿಸಿ ಪಕ್ಕಪಕ್ಕ ಇಟ್ಟು ನೋಡಬೇಕು. ಪಹಣಿಯೊಂದನ್ನೇ ನಂಬಬೇಡಿ. ಪಹಣಿಯಲ್ಲಿ ಖರಾಬು ಕಡಿಮೆ ತೋರಿಸಿ ಆಕಾರಬಂದಿನಲ್ಲಿ ಹೆಚ್ಚು ಇರುವ ಸರ್ವೆ ನಂಬರುಗಳು ಸಿಕ್ಕೇ ಸಿಗುತ್ತವೆ, ಜಾಗ ಹೋಗುವುದು ಆ ವ್ಯತ್ಯಾಸದಲ್ಲೇ. ದಿಶಾಂಕ್ ಆ್ಯಪ್ ನೋಡಿದರೆ ನಿಂತ ಜಾಗದ ಸರ್ವೆ ನಂಬರ್ ಅಂದಾಜಿಗೆ ಸಿಗುತ್ತದೆ, ಆದರೆ ಅದು ಗಡಿ ನಿರ್ಧರಿಸುವ ಸಾಧನವಲ್ಲ. ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಿಂದ ಸರ್ವೆಯರ್ ಬಂದು, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು, ಹದ್ದುಬಸ್ತು (ಗಡಿ ಗುರುತಿಸುವ ಅಳತೆ) ಮಾಡಿ, ಕಲ್ಲು ನೆಟ್ಟು, ಮಹಜರು ಬರೆಯಬೇಕು. ನೋಟಿಸ್ ಇಲ್ಲದೆ ಮಾಡಿದ ಅಳತೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಕಲ್ಲು ನೆಟ್ಟ ವಾರದೊಳಗೇ ತಂತಿ ಬೇಲಿ ಬರಲಿ, ಬೇಲಿಯ ಒಳಬದಿಗೆ ಒಂದು ಸಾಲು ಹೊಂಗೆ. ಕಲ್ಲು ಕೀಳುವುದು ಒಂದು ರಾತ್ರಿಯ ಕೆಲಸ. ಮೂರು ವರ್ಷದ ಮರದ ಸಾಲು ಕಡಿದರೆ ಇಡೀ ಬೀದಿಗೆ ಗೊತ್ತಾಗುತ್ತದೆ.

ಎರಡನೆಯ ಮೂಲ ಖಾಸಗಿ ಬಡಾವಣೆಗಳು. ನಕ್ಷೆ ಮಂಜೂರಾಗುವಾಗ ಪಾರ್ಕಿಗೂ ನಾಗರಿಕ ಸೌಲಭ್ಯಕ್ಕೂ ಜಾಗ ಬಿಡಲೇಬೇಕು. ಬಿಟ್ಟ ಜಾಗ ಯಾವುದು ಎಂದು ನೋಡುವವರು ಕಡಿಮೆ. ಸೈಟಿಗೆ ಬಾರದ ಮೂಲೆ, ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ, ರಾಜಕಾಲುವೆಯ ದಂಡೆ, ಬಂಡೆಯ ದಿಬ್ಬ, ಇವುಗಳಿಗೆ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದರೆ ಶೇಕಡಾವಾರು ಲೆಕ್ಕ ಕೂಡಿಬರುತ್ತದೆ, ಪಾರ್ಕು ಆಗುವುದಿಲ್ಲ. ಮಂಜೂರಾತಿಯ ಷರತ್ತಿನಲ್ಲೇ ಇವು ಬರಲಿ: ಪಾರ್ಕಿನ ಜಾಗ ಒಂದೇ ತುಂಡಾಗಿರಬೇಕು, ಅದರ ಕಿರಿದಾದ ಬದಿ 20 ಮೀಟರಿಗಿಂತ ಕಡಿಮೆ ಇರಬಾರದು, ಕನಿಷ್ಠ ಎರಡು ಬದಿಯಲ್ಲಿ ರಸ್ತೆ ಇರಬೇಕು, ಕಾಲುವೆ ಮತ್ತು ವಿದ್ಯುತ್ ಮಾರ್ಗದ ಮೀಸಲು ಪಟ್ಟಿಯನ್ನು ಪಾರ್ಕಿನ ಲೆಕ್ಕಕ್ಕೆ ಹಿಡಿಯಬಾರದು. ರಸ್ತೆಯ ಮಾತು ಏಕೆಂದರೆ, ನಾಲ್ಕೂ ಕಡೆ ಮನೆಗಳ ಹಿತ್ತಿಲ ಗೋಡೆಯಿರುವ ಪಾರ್ಕಿನ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಕಸ ಮೊದಲು ಬರುತ್ತದೆ, ಕುಡಿಯುವವರು ಆಮೇಲೆ ಬರುತ್ತಾರೆ, ಹೆಂಗಸರು ಮಕ್ಕಳು ಬರುವುದು ನಿಲ್ಲುತ್ತದೆ.

ಜಾಗದ ಹಕ್ಕು ಬಿಟ್ಟುಕೊಡುವ ಪರಿತ್ಯಾಜನ ಪತ್ರ ನೋಂದಣಿಯಾಗಿ ಪಾರ್ಕು ಮತ್ತು ರಸ್ತೆ ಪ್ರಾಧಿಕಾರದ ಅಥವಾ ಪಾಲಿಕೆಯ ಹೆಸರಿಗೆ ಬಂದ ಮೇಲಷ್ಟೇ ಸೈಟುಗಳು ಬಿಡುಗಡೆಯಾಗಲಿ. ಬಂದ ಮೇಲೆ ಪಾರ್ಕಿಗೂ ಒಂದು ಇ-ಖಾತೆ ಮಾಡಿಸಿ. ಖಾತೆಯಿಲ್ಲದ ಪಾರ್ಕು ಕಾಗದದ ಮೇಲೆ ಖಾಲಿ ಸೈಟಿನಂತೆಯೇ ಕಾಣುತ್ತದೆ, ಯಾರಾದರೂ ಒಬ್ಬರು ಅದಕ್ಕೊಂದು ನಂಬರು ಹುಟ್ಟಿಸುತ್ತಾರೆ. ಮಂಜೂರಾದ ನಕ್ಷೆಯಲ್ಲಿ ಪಾರ್ಕೆಂದು ಗುರುತಾದ ಜಾಗವನ್ನು ಬೇರೆ ಉದ್ದೇಶಕ್ಕೆ ಕೊಡುವುದು ಎಷ್ಟು ಗಂಭೀರ ತಪ್ಪು ಎಂಬುದನ್ನು ನಮ್ಮ ರಾಜ್ಯದ್ದೇ ಪ್ರಕರಣ ಹೇಳುತ್ತದೆ. ಬೆಂಗಳೂರಿನ ಬಡಾವಣೆಯೊಂದರ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಹಂಚಿದ್ದನ್ನು ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಆ ಜಾಗ ಉಳಿಯಬೇಕೆಂದು ಕೇಳುವ ಹಕ್ಕು ಬಡಾವಣೆಯ ನಿವಾಸಿಗಳಿಗೆ ಇದೆ ಎಂದೂ ಹೇಳಿತು.

ಮಾಸ್ಟರ್ ಪ್ಲಾನಿನ ಬಗ್ಗೆ ಒಂದು ಎಚ್ಚರಿಕೆ. ಖಾಸಗಿ ಜಮೀನಿನ ಮೇಲೆ ಹಸಿರು ಬಣ್ಣ ಹಚ್ಚಿದ ಮಾತ್ರಕ್ಕೆ ಅದು ಪಾರ್ಕಾಗುವುದಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 69ನೇ ಕಲಂ ಪ್ರಕಾರ ಗೊತ್ತಾದ ಅವಧಿಯೊಳಗೆ, ಅಂದರೆ ಐದು ವರ್ಷದಲ್ಲಿ, ಆ ಜಮೀನನ್ನು ಒಪ್ಪಂದದಿಂದ ಪಡೆಯದಿದ್ದರೆ ಅಥವಾ ಸ್ವಾಧೀನಕ್ಕೆ ಕೈಹಾಕದಿದ್ದರೆ ಮೀಸಲು ತಾನಾಗಿ ಬಿದ್ದುಹೋಗುತ್ತದೆ. ಹೀಗಾಗಿ ನಕ್ಷೆಯಲ್ಲಿ ನೂರು ಕಡೆ ಹಸಿರು ಬಳಿಯುವುದಕ್ಕಿಂತ, ನಿಜವಾಗಿ ಪಡೆಯಬಲ್ಲ ಐದು ಜಾಗ ಆಯ್ದು, ಒಂದೊಂದಕ್ಕೂ ಯಾವ ವರ್ಷ, ಯಾವ ಲೆಕ್ಕಶೀರ್ಷಿಕೆಯಿಂದ ಹಣ ಎಂದು ಬರೆದಿಡುವುದು ಮೇಲು. ಪರಿಹಾರದ ಹಣದ ಬದಲು ಅಭಿವೃದ್ಧಿ ಹಕ್ಕು, ಅಂದರೆ ಬೇರೆಡೆ ಹೆಚ್ಚುವರಿಯಾಗಿ ಕಟ್ಟಲು ಬಳಸಬಹುದಾದ ಇಲ್ಲವೇ ಮಾರಬಹುದಾದ ಹಕ್ಕು, ಕೊಡಲು ಅದೇ ಕಾಯ್ದೆಯ 14-ಬಿ ಕಲಮಿನಲ್ಲಿ ಅವಕಾಶವಿದೆ. ಆದರೆ ಬಹುಮಹಡಿ ಕಟ್ಟಡಗಳ ಬೇಡಿಕೆ ಕಡಿಮೆಯಿರುವ ಹಾಸನದಂತಹ ಊರಿನಲ್ಲಿ ಆ ಹಕ್ಕು ಕೊಳ್ಳುವವರು ಸುಲಭಕ್ಕೆ ಸಿಗುವುದಿಲ್ಲ, ಅದನ್ನೇ ನೆಚ್ಚಿ ಕೂರಬೇಡಿ. ರಾಜ್ಯದ 1985ರ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯ ಬಲವಿರುವುದು ಪಟ್ಟಿಯಲ್ಲಿ. ಪಟ್ಟಿಯಲ್ಲಿ ಪ್ರಕಟವಾದ ಜಾಗಕ್ಕೆ ರಕ್ಷಣೆ, ಬಿಟ್ಟುಹೋದದ್ದಕ್ಕೆ ಕಷ್ಟ. ಆ ಕಾಯ್ದೆಯಡಿ ಹೊಸ ಗಡಿಯ ಪೂರ್ತಿ ಪಟ್ಟಿ ಸಿದ್ಧಪಡಿಸಿ ಪ್ರಕಟಿಸಿ. ಅದಕ್ಕೆ ಸರ್ಕಾರದ ಅಧಿಸೂಚನೆ ಬೇಕಾದರೆ ಈಗಲೇ ಬರೆಯಿರಿ.

ಕೆರೆಗಳ ವಿಷಯದಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕು. ಹುಣಸಿನಕೆರೆ, ಸತ್ಯಮಂಗಲದ ಕೆರೆಯಂತಹ ಜಾಗಗಳು ಊರಿನ ಅತಿ ದೊಡ್ಡ ಬಯಲುಗಳು, ಅಲ್ಲಿ ಜನ ನಡೆದಾಡುವಂತಾಗಬೇಕು ನಿಜ. ಆದರೆ ಕೆರೆಯನ್ನು ಪಾರ್ಕು ಮಾಡಲು ಹೊರಟಾಗ ಕೆರೆಯೇ ಕೆಡುವುದು ಮೂರು ಕೆಲಸಗಳಿಂದ. ಒಂದು, ನೀರಿನ ಸುತ್ತ ಒಳಗಡೆ ಮಣ್ಣು ಸುರಿದು ವರ್ತುಲ ದಾರಿ ಮಾಡುವುದು. ಇದರಿಂದ ನೀರು ಬಂದು ಸೇರುವ ಮೇಲ್ಭಾಗದ ತೆಳು ನೀರಿನ ಅಂಚು ಮುಚ್ಚಿಹೋಗುತ್ತದೆ. ಜೊಂಡು, ಮೀನುಮರಿ, ಹಕ್ಕಿ ಎಲ್ಲ ಇರುವುದು ಆ ಅಂಚಿನಲ್ಲಿ. ಕೆರೆಯ ಹಿಡಿತವೂ ಕುಗ್ಗಿ ಮಳೆಗಾಲದಲ್ಲಿ ಮೇಲಿನ ಬಡಾವಣೆಗೆ ನೀರು ನುಗ್ಗುತ್ತದೆ. ಎರಡು, ದಂಡೆಯನ್ನು ಕಡಿದಾಗಿ ಕತ್ತರಿಸಿ ಕಲ್ಲು ಕಟ್ಟುವುದು. ಜಾರಿ ಬಿದ್ದ ಮಗುವಿಗೆ ಹಿಡಿಯಲು ಏನೂ ಇರುವುದಿಲ್ಲ. ಜನ ಬರುವ ಬದಿಯಲ್ಲಿ ಇಳಿಜಾರು 5 ಅಡಿಗೆ 1 ಅಡಿಗಿಂತ ಕಡಿದಾಗದಿರಲಿ. ಮೂರು, ಏರಿಯ ಮೇಲೆ ದೊಡ್ಡ ಮರ ನೆಡುವುದು, ದೀಪದ ಕಂಬಕ್ಕೆ ಗುಂಡಿ ತೋಡುವುದು. ಮರ ಸತ್ತಾಗ ಬೇರು ಕೊಳೆತ ಜಾಗ ಕೊಳವೆಯಾಗಿ ನೀರು ಜಿನುಗಲು ಶುರುವಾಗುತ್ತದೆ, ಗಾಳಿಗೆ ಉರುಳಿದರೆ ಏರಿಯ ಮಣ್ಣನ್ನೂ ಕಿತ್ತುಕೊಂಡೇ ಬೀಳುತ್ತದೆ. ಏರಿಯ ಮೇಲೆ ಹುಲ್ಲು ಸಾಕು, ಮರಗಳು ಏರಿಯ ಬುಡದಿಂದ ಆಚೆ ಬರಲಿ. ಕೋಡಿ ಮತ್ತು ತೂಬಿನ ಮುಂದೆ ಯಾವ ಕಟ್ಟೋಣವೂ ಬೇಡ. ಇದೆಲ್ಲಕ್ಕೂ ಮುಂಚೆ ಕೆರೆಗೆ ಬೀಳುವ ಒಳಚರಂಡಿ ನೀರು ನಿಲ್ಲಬೇಕು. ಕೊಳಚೆ ನಿಲ್ಲಿಸದೆ ಹಾಕಿದ ನಡಿಗೆ ದಾರಿಯಲ್ಲಿ ಮೂಗು ಮುಚ್ಚಿಕೊಂಡು ನಡೆಯುವವರು ಯಾರು? ಗಣಪತಿ ಬಿಡಲು ಪಕ್ಕದಲ್ಲೇ ಬೇರೆ ಕಲ್ಯಾಣಿ ಮಾಡಿ, ಹಬ್ಬದ ಮರುದಿನವೇ ಹೂಳೆತ್ತಿಸಿ.

ಯಾವ ವಾರ್ಡಿಗೆ ಮೊದಲು ಎಂಬುದನ್ನು ಒತ್ತಡ ನಿರ್ಧರಿಸದಿರಲಿ, ನಡಿಗೆ ನಿರ್ಧರಿಸಲಿ. ಪ್ರತಿ ಪಾರ್ಕಿನ ಗೇಟಿನಿಂದ ನಿಜವಾದ ಬೀದಿಗಳಲ್ಲಿ 500 ಮೀಟರ್ ಅಳೆದು ನಕ್ಷೆಯಲ್ಲಿ ಗುರುತಿಸಿ. ಕೈವಾರದಿಂದ ವೃತ್ತ ಎಳೆದರೆ ಮೋಸವಾಗುತ್ತದೆ, ಏಕೆಂದರೆ ಬಿ.ಎಂ. ರಸ್ತೆಯಾಗಲಿ ರೈಲು ಹಳಿಯಾಗಲಿ ನಡುವೆ ಬಂದರೆ ಆಚೆ ಬದಿಯ ಅಜ್ಜಿಗೆ 200 ಮೀಟರಿನ ಪಾರ್ಕೂ ದೂರದ್ದೇ. ಹೀಗೆ ಗುರುತಿಸಿದಾಗ ಹಸಿರು ತಲುಪದ ಬೀದಿಗಳು ಎದ್ದು ಕಾಣುತ್ತವೆ, ಅವು ಹೆಚ್ಚಾಗಿ ಪೆನ್ಷನ್ ಮೊಹಲ್ಲಾದಂತಹ ಹಳೆಯ, ಒತ್ತೊತ್ತಾದ ಬೀದಿಗಳೇ ಆಗಿರುತ್ತವೆ. ಅಲ್ಲಿ ಎಕರೆ ಜಾಗ ಹುಡುಕುವುದು ವ್ಯರ್ಥ. ಸರ್ಕಾರಿ ಶಾಲೆಯ ಅಂಗಳವನ್ನು ಸಂಜೆ 5ರಿಂದ 8ರವರೆಗೆ ಮತ್ತು ಭಾನುವಾರ ಊರಿಗೆ ತೆರೆಯಿರಿ. ಶಾಲೆಯ ಕೊಠಡಿಗಳಿಗೆ ಬೇರೆ ಬೀಗ, ಅಂಗಳಕ್ಕೆ ಬೇರೆ ಗೇಟು, ಪಾಲಿಕೆಯಿಂದ ಒಬ್ಬ ಕಾವಲುಗಾರ, ಇಷ್ಟಾದರೆ ಮುಖ್ಯೋಪಾಧ್ಯಾಯರ ತಕರಾರು ಇರುವುದಿಲ್ಲ. ಐದಾರು ಗುಂಟೆಯ ಜಾಗ ಸಿಕ್ಕರೂ ಒಂದು ಮರದ ಕಟ್ಟೆ, ಕುಡಿಯುವ ನೀರು, ಮಕ್ಕಳಿಗೆ ಒಂದು ಜೋಕಾಲಿ ಹಿಡಿಯುತ್ತದೆ.

ಇನ್ನು ಪಾರ್ಕಿನ ಒಳಗಿನ ಕೆಲಸ. ಅಂದಾಜು ಪಟ್ಟಿಯಲ್ಲಿ ನಾವು ಮೊದಲು ನೋಡುವುದು ಹುಲ್ಲುಹಾಸಿನ ವಿಸ್ತೀರ್ಣ. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಬೇಕು. ಒಂದು ಎಕರೆಗೆ 20,000 ಲೀಟರ್, ಅಂದರೆ 5,000 ಲೀಟರಿನ ನಾಲ್ಕು ಟ್ಯಾಂಕರ್, ಪ್ರತಿದಿನ. ಅದೇ ನೂರು ಸಸಿಗೆ ವಾರಕ್ಕೆರಡು ಬಾರಿ ಇಪ್ಪತ್ತಿಪ್ಪತ್ತು ಲೀಟರ್ ಹಾಕಿದರೂ ವಾರಕ್ಕೆ 4,000 ಲೀಟರ್ ಸಾಕು, ಅದೂ ಮೊದಲೆರಡು ಬೇಸಿಗೆ ಮಾತ್ರ. ಊರಿಗೆ ಕುಡಿಯುವ ನೀರನ್ನು ಹೊಳೆಯಿಂದ ಎತ್ತಿ ತರುವಾಗ ಹುಲ್ಲಿಗೆ ಅದನ್ನು ಸುರಿಯುವುದು ಸಲ್ಲದು. ಹುಲ್ಲುಹಾಸು ಶೇ 15 ಮೀರದಿರಲಿ, ಉಳಿದದ್ದು ನೆರಳು. ನೇರಳೆ, ಹೊಂಗೆ, ಬೇವು, ಸಂಪಿಗೆ, ಹೊಳೆದಾಸವಾಳ, ಹಲಸು, ಅತ್ತಿ ನಮ್ಮ ಮಣ್ಣಿಗೆ ಒಗ್ಗಿದವು. ಗುಲ್‌ಮೊಹರ್ ನೋಡಲು ಚೆಂದ, ಆದರೆ ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿಯುವುದರಲ್ಲೂ ಅದೇ ಮುಂದು. ಆಟದ ಜಾಗದ ಮೇಲೆ, ಬೆಂಚಿನ ಮೇಲೆ ಬೇಡ. ಗುಂಡಿ ಮೂರಡಿ ಉದ್ದ, ಅಗಲ, ಆಳ, ಸಸಿ ಆರಡಿ ದಾಟಿರಬೇಕು, ಕೊಟ್ಟಿಗೆ ಗೊಬ್ಬರ ಬೆರೆಸಿ ಜೂನ್ ಮಳೆ ಹಿಡಿದ ಕೂಡಲೇ ನೆಡಬೇಕು. ಪರಿಸರ ದಿನಕ್ಕೆ ಗೇಣುದ್ದದ ಸಸಿ ನೆಟ್ಟು ಫೋಟೊ ತೆಗೆದರೆ ಆಗಸ್ಟಿಗೆ ಆಡಿನ ಪಾಲು. ಕಾಂಡದ ಸುತ್ತ ಒಂದು ಮೀಟರಿನಷ್ಟು ಮಣ್ಣು ತೆರೆದೇ ಇರಲಿ. ಬುಡದವರೆಗೂ ಸಿಮೆಂಟು ಬಂದರೆ ಬೇರಿಗೆ ನೀರಿಲ್ಲ, ಹತ್ತು ವರ್ಷದಲ್ಲಿ ಮರ ಸೊರಗುತ್ತದೆ ಇಲ್ಲವೇ ಬೇರು ದಾರಿಯನ್ನು ಎತ್ತಿ ಒಡೆಯುತ್ತದೆ.

ನಡಿಗೆ ದಾರಿ ಕನಿಷ್ಠ 2 ಮೀಟರ್ ಅಗಲ, ಒಂದು ಬದಿಗೆ ನೂರಕ್ಕೆ ಎರಡರಷ್ಟು ಇಳಿಜಾರು. ಇಂಟರ್‌ಲಾಕ್ ಹಾಕುವುದಾದರೆ ನಡೆಯುವವರಿಗೆ 60 ಮಿ.ಮೀ. ದಪ್ಪ ಸಾಕು. ಕೆಳಗೆ ದಮ್ಮಸ್ಸು ಮಾಡಿದ ಜಲ್ಲಿ 100ರಿಂದ 150 ಮಿ.ಮೀ., ಅದರ ಮೇಲೆ ಮರಳು 30 ಮಿ.ಮೀ., ಎರಡೂ ಅಂಚಿಗೆ ಕಾಂಕ್ರೀಟಿನಲ್ಲಿ ಕೂರಿಸಿದ ಕರ್ಬ್ (ಅಂಚುಗಲ್ಲು). ಬಿಲ್ಲಿನಲ್ಲಿ ಇದ್ದು ನೆಲದಲ್ಲಿ ಇರದೇ ಹೋಗುವುದು ಈ ಜಲ್ಲಿ ಮತ್ತು ಕರ್ಬ್, ಅದಕ್ಕೇ ಒಂದು ಮಳೆಗಾಲಕ್ಕೆ ಕಲ್ಲುಗಳು ಹರಡಿ ಕುಸಿಯುತ್ತವೆ. ನುಣುಪು ಟೈಲ್ಸ್, ಪಾಲಿಶ್ ಗ್ರಾನೈಟ್ ಮಾತ್ರ ಬೇಡವೇ ಬೇಡ. ಜಿಟಿಜಿಟಿ ಮಳೆ ಹಿಡಿದ ಜುಲೈನಲ್ಲಿ ಅದರ ಮೇಲೆ ಪಾಚಿ ಕಟ್ಟಿ ವಯಸ್ಸಾದವರು ಸೊಂಟ ಮುರಿದುಕೊಳ್ಳುತ್ತಾರೆ. ಗೇಟಿನಲ್ಲಿ ಬೈಕು ತಡೆಯಲು ನೆಡುವ ಕಂಬಗಳ ನಡುವೆ 90 ಸೆಂ.ಮೀ. ಬಿಡಿ, ಗಾಲಿಕುರ್ಚಿ ದಾಟಬೇಕು. ಗೇಟಿನ ಬಳಿ ಮೆಟ್ಟಿಲಿದ್ದರೆ ಪಕ್ಕದಲ್ಲೇ 12ಕ್ಕೆ 1ರ ಇಳಿಜಾರು ದಾರಿಯಿರಲಿ.

ಮಕ್ಕಳ ಆಟದ ಜಾಗದಲ್ಲಿ ಉಪಕರಣಕ್ಕಿಂತ ಅದರ ಕೆಳಗಿನ ನೆಲ ಮುಖ್ಯ. ಜೋಕಾಲಿ, ಜಾರುಬಂಡೆಯ ಕೆಳಗೆ ಕಾಂಕ್ರೀಟು ಹಾಕುವುದು ತಲೆಗೆ ಪೆಟ್ಟು ಬೀಳಲೆಂದೇ ಮಾಡಿದಂತೆ. ಒಂದಡಿ ಆಳದ ಸಡಿಲ ಮರಳು, ಅದರ ಕೆಳಗೆ ನಾಲ್ಕು ಇಂಚು ಜಲ್ಲಿ, ನೀರು ಹೊರಹೋಗಲು ಒಂದು ಪೈಪು. ಪೈಪಿಲ್ಲದಿದ್ದರೆ ಮರಳುಗುಂಡಿ ಜೂನಿನಿಂದ ಸೊಳ್ಳೆಯ ತೊಟ್ಟಿ. ಮರಳು ತುಳಿದು ತುಳಿದು ಗಟ್ಟಿಯಾಗುತ್ತದೆ, ವಾರಕ್ಕೊಮ್ಮೆ ಕೆದಕಿ ಸಡಿಲ ಮಾಡಬೇಕು, ನಾಯಿ ಬಾರದಂತೆ ಸುತ್ತ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು ಇರಬೇಕು. ಪ್ರತಿ ಉಪಕರಣದ ಸುತ್ತ ಆರಡಿ ಖಾಲಿ ಬಿಡಿ. ಜೋಕಾಲಿಯ ಮುಂದೆ ಮತ್ತು ಹಿಂದೆ ಅದರ ತೊಲೆಯ ಎತ್ತರದ ಎರಡರಷ್ಟು ಬಿಡಿ. ಕಂಬಿಗಳ ಸಂದು 9 ಸೆಂ.ಮೀ.ಗಿಂತ ಕಿರಿದು ಅಥವಾ 23 ಸೆಂ.ಮೀ.ಗಿಂತ ಅಗಲ ಇರಬೇಕು, ನಡುವಿನ ಅಳತೆಯಲ್ಲಿ ಮಗುವಿನ ಮೈ ತೂರಿ ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ತಗಡಿನ ಜಾರುಬಂಡೆ ಪಶ್ಚಿಮದ ಬಿಸಿಲಿಗೆ ಮುಖ ಮಾಡದಿರಲಿ.

ದೀಪದ ಕಂಬ 4 ಮೀಟರ್ ಎತ್ತರವಿದ್ದರೆ ಮರದ ಕೊಂಬೆಯ ಕೆಳಗೇ ಬೆಳಕು ಉಳಿಯುತ್ತದೆ. ಎಂಟು ಮೀಟರಿನ ಕಂಬ ಎಲೆಗಳಿಗೆ ಬೆಳಕು ಕೊಡುತ್ತದೆ, ದಾರಿಗಲ್ಲ. ಪ್ರತಿ ದೀಪದ ಸರ್ಕ್ಯೂಟಿಗೂ ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಕಡ್ಡಾಯ, ಮೇ ತಿಂಗಳಲ್ಲಿ ಅರ್ಥಿಂಗ್ ಪರೀಕ್ಷೆಯೂ ಕಡ್ಡಾಯ. ಒದ್ದೆ ನೆಲದಲ್ಲಿ ಬರಿಗಾಲಿನ ಮಗು ಮುಟ್ಟುವ ಕಂಬ ಅದು, ಇಲ್ಲಿ ಉಳಿತಾಯದ ಮಾತೇ ಬರಬಾರದು.

ಮೈದಾನಗಳಲ್ಲಿ ಒಂದು ಕ್ರಿಕೆಟ್ ಆಟ ಇಡೀ ಜಾಗ ನುಂಗುತ್ತದೆ. ಕಬಡ್ಡಿಗೆ 13 x 10 ಮೀಟರ್, ವಾಲಿಬಾಲಿಗೆ 18 x 9, ಖೋಖೋಗೆ 27 x 16 ಸಾಕು, ಸುತ್ತ ಮೂರು ಮೀಟರ್ ಬಿಟ್ಟರೆ ಅರ್ಧ ಎಕರೆಯಲ್ಲಿ ಈ ಮೂರೂ ಕೂರುತ್ತವೆ. ಅಂಕಣದ ಉದ್ದ ಉತ್ತರ–ದಕ್ಷಿಣವಾಗಿರಲಿ, ಸಂಜೆಯ ಸೂರ್ಯ ಕಣ್ಣಿಗೆ ಹೊಡೆಯುವುದಿಲ್ಲ. ಹೆಣ್ಣುಮಕ್ಕಳಿಗೆ ವಾರದಲ್ಲಿ ಮೂರು ಸಂಜೆ ಮೀಸಲೆಂದು ಬೋರ್ಡಿನಲ್ಲಿ ಬರೆಯಿರಿ, ಬರೆಯದಿದ್ದರೆ ಅವರ ಸರದಿ ಬರುವುದೇ ಇಲ್ಲ. ಸಭೆ, ಮೇಳಗಳಿಗೆ ಮೈದಾನ ಕೊಟ್ಟಾಗ ಪೆಂಡಾಲಿನ ಗುಂಡಿ ಮುಚ್ಚಿ, ಮೊಳೆ ಆಯ್ದು ಕೊಟ್ಟ ಮೇಲಷ್ಟೇ ಠೇವಣಿ ಹಿಂತಿರುಗಲಿ.

ಪಾರ್ಕನ್ನು ಬೆಳಗ್ಗೆ ಒಂಬತ್ತಕ್ಕೆ ಮುಚ್ಚಿ ಸಂಜೆ ನಾಲ್ಕಕ್ಕೆ ತೆಗೆಯುವ ಪದ್ಧತಿ ನಿಲ್ಲಬೇಕು. ಮಧ್ಯಾಹ್ನದ ನೆರಳು ಬೇಕಾಗುವುದು ಬಸ್ಸಿಗೆ ಕಾಯುವ ಹಳ್ಳಿಯವರಿಗೆ, ಕಟ್ಟಡ ಕೆಲಸದವರಿಗೆ, ವಿದ್ಯಾರ್ಥಿಗಳಿಗೆ, ಆಸ್ಪತ್ರೆಗೆ ಬಂದವರ ಕಡೆಯವರಿಗೆ. ಅವರು ವಾಕಿಂಗ್ ಸಂಘ ಕಟ್ಟಿಕೊಂಡು ನಿಮ್ಮ ಬಳಿ ಮನವಿ ತರುವುದಿಲ್ಲ, ಹಾಗಾಗಿ ನಾವು ಬರೆಯುತ್ತಿದ್ದೇವೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆದರೆ ಬಲಿಪಾಡ್ಯಮಿಯವರೆಗೆ ಊರಿಗೆ ಬರುವ ಜನಕ್ಕೂ ಕೂರಲು ನೆರಳು, ನೀರು, ಶೌಚಾಲಯ ಬೇಕು. ಮಹಾರಾಜ ಪಾರ್ಕನ್ನೂ ದೇವಸ್ಥಾನದ ಆಸುಪಾಸಿನ ಬಯಲುಗಳನ್ನೂ ಆ ದಿನಗಳನ್ನು ಲೆಕ್ಕಕ್ಕೆ ಹಿಡಿದೇ ಸಜ್ಜುಗೊಳಿಸಿ. ಶೌಚಾಲಯ ಪಾರ್ಕಿನ ಹಿಂದಿನ ಮೂಲೆಯಲ್ಲಿ ಬೇಡ, ಗೇಟಿನ ಪಕ್ಕ, ಜನರ ಕಣ್ಣಿಗೆ ಬೀಳುವಲ್ಲಿರಲಿ.

ಇಷ್ಟಕ್ಕೂ ಹಣ ಎಲ್ಲಿಂದ ಎಂದು ಕೇಳುತ್ತೀರಿ. ಕಟ್ಟಲು ಅನುದಾನ ಬರುತ್ತದೆ, ನೀರು ಹಾಕಲು ಬರುವುದಿಲ್ಲ, ಪಾರ್ಕುಗಳು ಸಾಯುವುದು ಅಲ್ಲೇ. ಎಕರೆಗೆ ಒಬ್ಬ ಮಾಲಿ, ಪ್ರತಿ ಮಧ್ಯಮ ಪಾರ್ಕಿಗೆ ಒಬ್ಬ ಕಾವಲುಗಾರ, ಶೌಚಾಲಯಕ್ಕೊಬ್ಬರು ಎಂಬುದು ನಮ್ಮ ಅನುಭವದ ಅಳತೆ. ಆ ಸಂಬಳ, ನೀರು, ವಿದ್ಯುತ್ ಬಿಲ್ಲನ್ನು ಪಾಲಿಕೆಯ ಸ್ವಂತ ಆದಾಯದಲ್ಲಿ ಮೊದಲು ತೆಗೆದಿಟ್ಟು, ಅದು ಎಷ್ಟು ಪಾರ್ಕಿಗೆ ಸಾಲುತ್ತದೋ ಅಷ್ಟನ್ನೇ ಆ ವರ್ಷ ಕಟ್ಟಿ. ಟೆಂಡರ್ ಕರೆಯುವಾಗ ನಿರ್ಮಾಣದ ಜೊತೆಗೇ ಐದು ವರ್ಷದ ನಿರ್ವಹಣೆ ಸೇರಿಸಿ, ಮೂರನೇ ವರ್ಷದ ಕೊನೆಗೆ ಬದುಕಿರುವ ಮರಗಳನ್ನು ಎಣಿಸಿ ಹಣ ಬಿಡುಗಡೆ ಮಾಡಿ. ಕೆಟ್ಟ ಉಪಕರಣ ಏಳು ದಿನದಲ್ಲಿ ದುರಸ್ತಿಯಾಗದಿದ್ದರೆ ಬಿಚ್ಚಿ ಒಯ್ಯಬೇಕೆಂಬ ಷರತ್ತೂ ಇರಲಿ. ಅರ್ಧ ಮುರಿದ ಜಾರುಬಂಡೆ ಖಾಲಿ ಜಾಗಕ್ಕಿಂತ ಅಪಾಯ. ಪೌರ ನಿಗಮಗಳ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೆ ಜಾಗವಿದೆ. ಪಾರ್ಕಿನ ತಿಂಗಳ ಹಾಜರಿ ಪುಸ್ತಕ ಮತ್ತು ನೀರಿನ ಲೆಕ್ಕ ಆ ಸಮಿತಿಯ ಮುಂದೆ ಬರಲಿ.

ಸದ್ಯಕ್ಕೆ ನಾವು ಕೇಳುವುದು ಮೂರು. ಹೊಸ ಗಡಿಯೊಳಗಿನ ಎಲ್ಲ ಗುಂಡುತೋಪು, ಗೋಮಾಳ, ಕೆರೆ, ಬಡಾವಣೆ ಪಾರ್ಕು, ಮೈದಾನಗಳ ಕರಡು ಪಟ್ಟಿಯನ್ನು ಸರ್ವೆ ನಂಬರ್ ಮತ್ತು ಎಕರೆ–ಗುಂಟೆ ಸಹಿತ ತೊಂಬತ್ತು ದಿನದಲ್ಲಿ ವಾರ್ಡ್ ಕಚೇರಿಗಳಲ್ಲಿ ಅಂಟಿಸಿ. ಬಿಟ್ಟುಹೋದ ಜಾಗ ತೋರಿಸಲು ಜನರಿಗೆ ಮೂವತ್ತು ದಿನ ಕೊಡಿ. ಪಟ್ಟಿ ಅಂತಿಮವಾಗುವವರೆಗೆ ಇವುಗಳಲ್ಲಿ ಯಾವುದನ್ನೂ ಯಾವ ಸಂಸ್ಥೆಗೂ, ಭವನಕ್ಕೂ, ಕಚೇರಿಗೂ ಮಂಜೂರು ಮಾಡುವುದಿಲ್ಲವೆಂದು ಪಾಲಿಕೆ ಮತ್ತು ಪ್ರಾಧಿಕಾರ ಎರಡೂ ಠರಾವು ಮಾಡಲಿ. ಹದ್ದುಬಸ್ತಿನ ದಿನಾಂಕಗಳನ್ನು ಮುಂಚಿತವಾಗಿ ತಿಳಿಸಿದರೆ, ಟಿಪ್ಪಣಿ ಓದಲು ಬಲ್ಲ ನಮ್ಮಲ್ಲಿ ಕೆಲವರು ಸರ್ವೆಯರ್ ಜೊತೆ ಹಳ್ಳಿಹಳ್ಳಿಗೂ ಬರುತ್ತೇವೆ, ಗಡಿ ಬಲ್ಲ ಹಿರಿಯರನ್ನೂ ಕರೆತರುತ್ತೇವೆ.

ಇಂತಿ,
ಭೂಮಾಪನ, ತೋಟಗಾರಿಕೆ ಮತ್ತು ಸಿವಿಲ್ ಕೆಲಸ ಬಲ್ಲ ಹಾಸನದ ಕೆಲವು ನಾಗರಿಕರು